ಬೆಳ್ಳಿ ನಾಣ್ಯ ಕಪ್ಪಾಗದಂತೆ ಇಡುವುದು ಹೇಗೆ

ವರಮಹಾಲಕ್ಷ್ಮಿ ಹಬ್ಬ ಬರುವುದು ಶ್ರಾವಣದಲ್ಲಿ, ಗಾಳಿಯಲ್ಲಿ ತೇವ ತುಂಬಿಕೊಂಡಿರುವ ದಿನಗಳಲ್ಲಿ. ವರ್ಷವಿಡೀ ಬೀರುವಿನಲ್ಲಿದ್ದ ಬೆಳ್ಳಿ ನಾಣ್ಯಗಳು ಅಂದು ಹೊರಗೆ ಬರುತ್ತವೆ. ಅರಿಶಿನ ಕುಂಕುಮ ಹಚ್ಚುತ್ತೇವೆ, ಕೆಲವು ಮನೆಗಳಲ್ಲಿ ಪಂಚಾಮೃತದ ಅಭಿಷೇಕವೂ ಆಗುತ್ತದೆ. ಮರುದಿನ ಕೈಗೆ ಸಿಕ್ಕ ಬಟ್ಟೆಯಲ್ಲಿ ಒರೆಸಿ, ಅದೇ ಕೆಂಪು ವಸ್ತ್ರದಲ್ಲಿ ಗಂಟು ಕಟ್ಟಿ, ರೇಷ್ಮೆ ಸೀರೆಗಳ ಪಕ್ಕಕ್ಕೆ ತಳ್ಳಿಬಿಡುತ್ತೇವೆ. ಮುಂದಿನ ಹಬ್ಬಕ್ಕೆ ಗಂಟು ಬಿಚ್ಚಿದರೆ ನಾಣ್ಯ ಮಸಿ ಹಿಡಿದಂತಿರುತ್ತದೆ. ‘ಹಳೇ ಬೆಳ್ಳಿ, ಕಪ್ಪಾಗದೆ ಇರುತ್ತದೆಯೇ?’ ಎಂದು ವಿಭೂತಿ ಹಾಕಿ ಉಜ್ಜಲು ಕೂರುತ್ತೇವೆ.

ಬೆಳ್ಳಿ ಹಳತಾದ ಮಾತ್ರಕ್ಕೆ ಕಪ್ಪಾಗುವುದಿಲ್ಲ. ಸಾಮಾನ್ಯ ಉಷ್ಣಾಂಶದಲ್ಲಿ ಶುದ್ಧ ಗಾಳಿಯಾಗಲಿ ಶುದ್ಧ ನೀರಾಗಲಿ ಅದನ್ನು ಏನೂ ಮಾಡಲಾರವು. ಕಪ್ಪಾಗಿಸುವುದು ಗಂಧಕ. ಹೈಡ್ರೋಜನ್ ಸಲ್ಫೈಡ್‌ನಂಥ ಗಂಧಕದ ಅನಿಲಗಳು ನಾಣ್ಯದ ಮೇಲ್ಮೈಯನ್ನು ತಾಗಿದಾಗ ಅಲ್ಲಿನ ಬೆಳ್ಳಿ ಸಿಲ್ವರ್ ಸಲ್ಫೈಡ್ ಆಗಿ ಮಾರ್ಪಡುತ್ತದೆ. ಕೊಳೆತ ಮೊಟ್ಟೆಯ ನಾತ ಬರುವುದು ಇದೇ ಅನಿಲದಿಂದ. ಆದರೆ ಬೆಳ್ಳಿ ಕೆಡಲು ಅಷ್ಟು ನಾತ ಬೇಕಾಗಿಲ್ಲ, ಮೂಗಿಗೆ ಗೊತ್ತೇ ಆಗದಷ್ಟು ಅನಿಲವಿದ್ದರೂ ಸಾಕು. ತೆರೆದ ಮೋರಿಯ ಪಕ್ಕದ ಮನೆಯಲ್ಲಿ ದೀಪ, ಆರತಿ ತಟ್ಟೆಗಳು ಬೇಗ ಬಣ್ಣಗೆಡುವುದಕ್ಕೆ ಇದೇ ಕಾರಣ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಈ ಕ್ರಿಯೆ ಚುರುಕಾಗುತ್ತದೆ. ನಾಣ್ಯದ ಮೇಲೆ ಕಣ್ಣಿಗೆ ಕಾಣದ ನೀರಿನ ಪದರವೊಂದು ಕೂತು ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಈ ಗಂಧಕದಲ್ಲಿ ದೊಡ್ಡ ಪಾಲು ಹೊರಗಿನಿಂದ ಬರುವುದೇ ಇಲ್ಲ. ನಾಣ್ಯದ ಜೊತೆಗೆ, ಅದೇ ಡಬ್ಬಿಯೊಳಗೆ ನಾವೇ ಇಟ್ಟಿರುತ್ತೇವೆ. ಇದನ್ನು ಮನಗಂಡರೆ ವರ್ಷಕ್ಕೊಮ್ಮೆ ಉಜ್ಜುವ ಕೆಲಸ ಬಹುಮಟ್ಟಿಗೆ ತಪ್ಪುತ್ತದೆ. ಆ ಉಜ್ಜುವಿಕೆ ತಪ್ಪಲೇಬೇಕು ಎಂಬುದು ನನ್ನ ಕಳಕಳಿ. ಒಮ್ಮೆ ಸವೆದ ಬೆಳ್ಳಿಯನ್ನು ಯಾವ ಅಕ್ಕಸಾಲಿಯೂ ನಾಣ್ಯಕ್ಕೆ ಮರಳಿ ತುಂಬಿಕೊಡಲಾರ.

ನಿಮ್ಮಲ್ಲಿರುವುದು ಯಾವ ನಾಣ್ಯ?

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ರಾಣಿ ರೂಪಾಯಿ, ರಾಜನ ತಲೆಯ ರೂಪಾಯಿ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ಬಗೆಯ ರೂಪಾಯಿ ತಂದಿತು. ತೂಕ 11.66 ಗ್ರಾಂ, ಅಂದರೆ ಒಂದು ತೊಲ. ಅದರಲ್ಲಿ ಬೆಳ್ಳಿ ಶೇ. 91.7, ಉಳಿದದ್ದು ತಾಮ್ರ. ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಕಾಲದ ರೂಪಾಯಿಗಳೆಲ್ಲ ಇದೇ ಅಳತೆಯವು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1940ರಲ್ಲಿ, ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿ ಉಳಿದರ್ಧಕ್ಕೆ ತಾಮ್ರ, ನಿಕ್ಕಲ್, ಸತು ಬೆರೆಸಿದರು. ಹಾಗಾಗಿ ಆರನೇ ಜಾರ್ಜ್ ಮುಖವಿರುವ 1940ರ ದಶಕದ ರೂಪಾಯಿ ಹಿಂದಿನವುಗಳಂತೆ ಹೊಳೆಯುವುದಿಲ್ಲ. ಅದರಲ್ಲಿನ ತಾಮ್ರದಿಂದಾಗಿ ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ, ತೇವ ತಾಗಿದರೆ ಹಸಿರು ಕಿಲುಬೂ ಹಿಡಿಯುತ್ತದೆ. ಎಷ್ಟು ಉಜ್ಜಿದರೂ ಅದು ವಿಕ್ಟೋರಿಯಾ ರೂಪಾಯಿಯ ಬಿಳುಪಿಗೆ ಬರುವುದಿಲ್ಲ, ಬರಿಸಲು ಹೋಗಲೂಬಾರದು.

ಗಾಂಧೀಜಿ ಜನ್ಮಶತಮಾನೋತ್ಸವಕ್ಕೆ 1969ರಲ್ಲಿ ಬಂದ ಹತ್ತು ರೂಪಾಯಿಯ ನಾಣ್ಯ 15 ಗ್ರಾಂ ತೂಗುತ್ತದೆ, ಬೆಳ್ಳಿ ಶೇ. 80. ಈಗ ಆಭರಣದ ಅಂಗಡಿಗಳಲ್ಲಿ ಸಿಗುವ ಲಕ್ಷ್ಮಿ, ಗಣಪತಿ ಮುದ್ರೆಯ ನಾಣ್ಯಗಳಲ್ಲಿ ಬಹಳಷ್ಟು 999 ಗುರುತಿನವು, ಹೆಚ್ಚುಕಡಿಮೆ ಅಪ್ಪಟ ಬೆಳ್ಳಿ. ಇವೆಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ಕುಲುಕಿದರೆ ಮೆದುವಾದ ಅಪ್ಪಟ ಬೆಳ್ಳಿಗೆ ಗೀರು ಬೀಳುತ್ತದೆ. ತಾಮ್ರದ ಹಳೆಯ ಕಾಸುಗಳನ್ನಂತೂ ಬೆಳ್ಳಿಯ ಜೊತೆ ಸೇರಿಸಲೇಬಾರದು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. 1972ರ ಪುರಾವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಐದನೇ ಜಾರ್ಜ್‌ನ ಬೆಳ್ಳಿ ರೂಪಾಯಿಗಳ ಮೇಲಿರುವ ಇಸವಿ 1911ರಿಂದ 1922ರವರೆಗೆ. ಅಂದರೆ ಅವೂ ಈಗ ನೂರು ದಾಟಿವೆ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗಳ ಮನೆಯ ಲಕ್ಷ್ಮಿಪೂಜೆಗೆಂದು ಅಜ್ಜಿಯ ರಾಣಿ ರೂಪಾಯಿಯನ್ನು ಚೀಲಕ್ಕೆ ಹಾಕುವ ಮುಂಚೆ ಇದು ನೆನಪಿರಲಿ. ಅದರ ಬದಲು ಹೊಸ ನಾಣ್ಯ ಕೊಟ್ಟು ಕಳುಹಿಸಿ.

ಜೊತೆಗೆ ಇಡಬಾರದ ವಸ್ತುಗಳು

ಮೊದಲು ತೆಗೆದು ಎಸೆಯಬೇಕಾದದ್ದು ರಬ್ಬರ್ ಬ್ಯಾಂಡ್. ರಬ್ಬರನ್ನು ಗಟ್ಟಿಮಾಡುವುದೇ ಗಂಧಕ ಬೆರೆಸಿ. ಪೊಟ್ಟಣ ಕಟ್ಟಿ ಮೇಲೆ ಬ್ಯಾಂಡ್ ಬಿಗಿದರೆ, ಕಾಗದವನ್ನು ದಾಟಿಯೂ ಅದು ನಾಣ್ಯದ ಮೇಲೆ ಕಪ್ಪು ಪಟ್ಟಿ ಎಳೆಯುತ್ತದೆ. ಬಾಯಿಗೆ ರಬ್ಬರ್ ವಾಷರ್ ಇರುವ ಡಬ್ಬಿಯೂ ಬೇಡ, ಸಿಲಿಕೋನ್ ವಾಷರ್ ಆದರೆ ತೊಂದರೆಯಿಲ್ಲ. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡು ನಾಣ್ಯ ಮುಟ್ಟುವುದೂ ಸಲ್ಲದು.

ಆಮೇಲೆ ಕಾಗದ. ಮದುವೆಯಲ್ಲಿ ಮುಯ್ಯಿ ಬಂದ ನಾಣ್ಯವನ್ನು ಕಂದು ಬಣ್ಣದ ದಪ್ಪ ಲಕೋಟೆಯಲ್ಲಿ ಹಾಗೇ ಇಟ್ಟಿರುತ್ತೇವೆ. ಆ ಕಾಗದ ತಯಾರಾಗುವಾಗ ಮರದ ತಿರುಳನ್ನು ಬೇಯಿಸಲು ಸೋಡಿಯಂ ಸಲ್ಫೈಡ್ ಬಳಸುತ್ತಾರೆ, ಅದರ ಶೇಷ ಕಾಗದದಲ್ಲಿ ಉಳಿದಿರಬಹುದು. ದಿನಪತ್ರಿಕೆ, ರಟ್ಟಿನ ಪೆಟ್ಟಿಗೆಗಳದೂ ಇದೇ ದೋಷ. ಬೆಳ್ಳಿ ಅಂಗಡಿಯವರು ಸುತ್ತಿಕೊಡುವ ತೆಳು ಗುಲಾಬಿ ಕಾಗದ ನೋಡಲು ಚೆಂದ, ಆದರೆ ಮಳೆಗಾಲದ ತೇವಕ್ಕೆ ಬಣ್ಣ ಬಿಡುತ್ತದೆ. ಅದು ಅಂಗಡಿಯಿಂದ ಮನೆಗೆ ತರುವಷ್ಟು ಹೊತ್ತಿಗೆ ಸಾಕು.

ಉಣ್ಣೆಯಲ್ಲಿ ಸಹಜವಾಗಿಯೇ ಗಂಧಕವಿದೆ, ನಮ್ಮ ಕೂದಲಿನಲ್ಲಿ ಇರುವ ಹಾಗೆ. ಶಾಲು, ಸ್ವೆಟರ್ ಮಡಿಕೆಯ ನಡುವೆ ನಾಣ್ಯ ಅಡಗಿಸಿಡುವವರು ಜಾಗ ಬದಲಿಸುವುದು ಮೇಲು. ಕೆಂಪು ಮಖಮಲ್ಲಿನ ಉಡುಗೊರೆ ಪೆಟ್ಟಿಗೆಗಳಲ್ಲಿ ತೊಂದರೆ ಬರುವುದು ಬಟ್ಟೆಯ ಬಣ್ಣದಿಂದ ಮತ್ತು ಅದರಡಿಯ ಅಂಟಿನಿಂದ. ಬೀರುವಿನಲ್ಲಿ ಸೀರೆಗೆಂದು ಹಾಕುವ ನುಸಿ ಗುಳಿಗೆಗಳಿಂದಲೂ ನಾಣ್ಯವನ್ನು ದೂರವಿಡಿ. ಅಂದಹಾಗೆ, ಹಳೆಯ ರೇಷ್ಮೆ ಸೀರೆಯ ಅಸಲಿ ಜರಿಯಲ್ಲಿರುವುದೂ ಬೆಳ್ಳಿಯೇ. ನಾಣ್ಯಕ್ಕೆ ಹೇಳಿದ ಪಥ್ಯ ಆ ಸೀರೆಗೂ ಒಪ್ಪುತ್ತದೆ.

ಇನ್ನು ದೇವರ ಮನೆ. ಅಲ್ಲಿ ಧೂಪದ ಹೊಗೆ, ಎಣ್ಣೆಯ ಜಿಡ್ಡು, ಬೆಂಕಿಪೊಟ್ಟಣ ಎಲ್ಲವೂ ಇರುತ್ತವೆ. ಬೆಂಕಿಕಡ್ಡಿಯ ತಲೆಯಲ್ಲೂ ದೀಪಾವಳಿಯ ಪಟಾಕಿ ಮದ್ದಿನಲ್ಲೂ ಗಂಧಕವಿದೆ. ಅಡುಗೆ ಅನಿಲ ಸೋರಿದರೆ ಗೊತ್ತಾಗಲೆಂದು ಬೆರೆಸುವ ವಾಸನೆಯ ದ್ರವ್ಯವೂ ಗಂಧಕದ ಸಂಯುಕ್ತವೇ. ಆದ್ದರಿಂದ ಅಡುಗೆಮನೆಗೆ ಅಂಟಿದ ದೇವರ ಗೂಡಿನಲ್ಲಿ ನಾಣ್ಯಗಳನ್ನು ವರ್ಷವಿಡೀ ಬಿಡಬೇಡಿ. ಪೂಜೆಗೆ ತನ್ನಿ, ಮುಗಿದ ಮೇಲೆ ಒಳಗಿಡಿ.

ಪ್ಲಾಸ್ಟಿಕ್‌ನಲ್ಲೂ ಭೇದವಿದೆ

ನಾಣ್ಯ ಸಂಗ್ರಾಹಕರು ಹೆಚ್ಚು ಹೆದರುವುದು ಪಿವಿಸಿಗೆ. ಇದನ್ನು ಮೆದುವಾಗಿಸಲು ಬೆರೆಸಿದ ದ್ರವ್ಯಗಳು ವರ್ಷಗಳು ಕಳೆದಂತೆ ಹೊರಗೆ ಒಸರುತ್ತವೆ, ಪ್ಲಾಸ್ಟಿಕ್ ಹಳತಾದಂತೆ ಆಮ್ಲವನ್ನೂ ಬಿಡುತ್ತದೆ. ನಾಣ್ಯದ ಮೇಲೆ ಅಂಟಂಟಾದ ಹಸಿರು ಲೋಳೆ ಕಂಡರೆ ಅದು ಇದರದೇ ಕೆಲಸ. ಕಪ್ಪಿಗಿಂತ ಇದು ಕೆಟ್ಟದ್ದು, ಏಕೆಂದರೆ ಇದು ಲೋಹವನ್ನೇ ತಿನ್ನುತ್ತದೆ. ಹಳೆಯ ನಾಣ್ಯದ ಆಲ್ಬಂಗಳ ಮೆತ್ತನೆಯ, ಮಿರುಗುವ ಹಾಳೆಗಳಲ್ಲಿ ಬಹಳಷ್ಟು ಪಿವಿಸಿಯವು. ಮೂಗಿಗೆ ಹಿಡಿದು ನೋಡಿ: ಹೊಸ ಮಳೆ ಕೋಟಿನ ವಾಸನೆ ಬಂದರೆ ಆ ಹಾಳೆಯಲ್ಲಿ ನಾಣ್ಯ ಇರಿಸಬೇಡಿ.

ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಅಚ್ಚಾಗಿರುತ್ತದೆ. 3 ಎಂದಿದ್ದರೆ ಪಿವಿಸಿ, ಅದು ಬೇಡ. 1 ಪಾಲಿಎಸ್ಟರ್ ಜಾತಿಯದು, 2 ಮತ್ತು 4 ಪಾಲಿಥೀನ್, 5 ಪಾಲಿಪ್ರೊಪಿಲೀನ್. ಈ ನಾಲ್ಕೂ ನಾಣ್ಯಕ್ಕೆ ಆಗುತ್ತವೆ. ಮನೆಯಲ್ಲಿ ಬಳಸುವ ಜಿಪ್ ಲಾಕ್ ಚೀಲಗಳು ಸಾಮಾನ್ಯವಾಗಿ ಪಾಲಿಥೀನ್, ಹಾಗಾಗಿ ಧೈರ್ಯದಿಂದ ಬಳಸಬಹುದು. ಬೆಲೆಬಾಳುವ ನಾಣ್ಯವಾದರೆ ಅದರ ಅಳತೆಗೆ ತಕ್ಕ ಗಟ್ಟಿ ಪಾರದರ್ಶಕ ಅಕ್ರಿಲಿಕ್ ಕ್ಯಾಪ್ಸೂಲ್ ಕೊಳ್ಳಿ. ಕಂಪನಿ ರೂಪಾಯಿಗಳ ವ್ಯಾಸ ಸುಮಾರು 30.5 ಮಿ.ಮೀ. ಇದೆ. ಕ್ಯಾಪ್ಸೂಲ್ ಅದಕ್ಕಿಂತ ದೊಡ್ಡದಾದರೆ ನಾಣ್ಯ ಒಳಗೆ ಅಲ್ಲಾಡಿ ಅಂಚು ಸವೆಯುತ್ತದೆ, ಸಣ್ಣದಾದರೆ ಬಿಗಿಯಾಗಿ ಕೂತು ತೆಗೆಯುವಾಗ ಗೀರು ಬೀಳುತ್ತದೆ. ಬ್ಯಾಂಕು ಅಥವಾ ಅಂಗಡಿಯಿಂದ ಮೊಹರಾದ ಪ್ಯಾಕಿನಲ್ಲೇ ಬಂದ 999 ನಾಣ್ಯವನ್ನು ಒಡೆಯದೆ ಹಾಗೇ ಇಡಿ. ಅಂಥ ಪ್ಯಾಕಿನೊಳಗೂ ಕೆಲವೊಮ್ಮೆ ಹಾಲು ಸಿಡಿದಂಥ ಬಿಳಿ ಮಚ್ಚೆ ಕಾಣಿಸಿಕೊಳ್ಳುತ್ತದೆ. ಅದು ಟಂಕಸಾಲೆಯ ಹಂತದಲ್ಲೇ ಉಳಿದ ದೋಷ, ನೀವು ಇಟ್ಟ ರೀತಿಯಿಂದ ಬಂದದ್ದಲ್ಲ.

ಡಬ್ಬಿ ಕಟ್ಟುವ ಕಾಲ, ಕಟ್ಟುವ ಬಗೆ

ಮೈಸೂರು, ಬೆಂಗಳೂರು, ಬಯಲುಸೀಮೆಯ ಕಡೆ ಈ ಕೆಲಸಕ್ಕೆ ಒಳ್ಳೆಯ ಕಾಲ ಮಾಘ–ಫಾಲ್ಗುಣ, ಅಂದರೆ ಫೆಬ್ರುವರಿ–ಮಾರ್ಚ್. ಗಾಳಿ ಅತ್ಯಂತ ಒಣಗಿರುವ ಮಧ್ಯಾಹ್ನ ನೋಡಿ ಡಬ್ಬಿ ಮುಚ್ಚಿದರೆ ಒಳಗೆ ಸೆರೆಯಾಗುವ ಗಾಳಿಯೂ ಒಣಗಿರುತ್ತದೆ. ಆಷಾಢ–ಶ್ರಾವಣದಲ್ಲಿ ಬಿಗಿಯಾಗಿ ಮುಚ್ಚಿದ ಡಬ್ಬಿ ಆ ತೇವವನ್ನೇ ವರ್ಷವಿಡೀ ಕಾಪಾಡುತ್ತದೆ. ಕರಾವಳಿಯಲ್ಲಿ ಮಾರ್ಚ್‌ನಲ್ಲೂ ಗಾಳಿ ಒದ್ದೆಯೇ. ಮಂಗಳೂರು, ಉಡುಪಿ, ಕಾರವಾರದವರು ಹವಾನಿಯಂತ್ರಣವಿರುವ ಕೋಣೆಯಲ್ಲಿ ಸ್ವಲ್ಪ ಹೊತ್ತು ಎಲ್ಲವನ್ನೂ ಬಿಡಿಸಿಟ್ಟು ಆಮೇಲೆ ಮುಚ್ಚುವುದು ಒಳ್ಳೆಯದು. ಕಡಲ ಗಾಳಿಯ ಉಪ್ಪು ಬೆಳ್ಳಿಯೊಂದಿಗೆ ಸೇರಿ ಬೂದು ಬಣ್ಣದ ಕ್ಲೋರೈಡ್ ಪದರವನ್ನೂ ಕೂರಿಸುತ್ತದೆ. ಹಾಗಾಗಿ ಅಲ್ಲಿ ಚೀಲದೊಳಗೊಂದು ಚೀಲ ಎಂಬಂತೆ ಎರಡು ಪದರವೇ ಬೇಕು.

ನಾಣ್ಯವೊಂದಕ್ಕೆ ಒಂದು ಸಣ್ಣ ಜಿಪ್ ಲಾಕ್ ಚೀಲ ಅಥವಾ ಕ್ಯಾಪ್ಸೂಲ್. ಚೀಲದ ಗಾಳಿಯನ್ನು ಬೆರಳಿನಿಂದ ನೀವಿ ಹೊರಹಾಕಿ ಮುಚ್ಚಿ. ಇವೆಲ್ಲವೂ ಬಿಗಿ ಮುಚ್ಚಳದ, 5ನೇ ಅಂಕಿಯ ಪ್ಲಾಸ್ಟಿಕ್ ಡಬ್ಬಿಗೆ ಹೋಗಲಿ. ಆ ಡಬ್ಬಿಯೊಳಗೆ ಎರಡು ಪುಟ್ಟ ಗಂಟು ಇಡಿ. ಒಂದು ಸಿಲಿಕಾ ಜೆಲ್, ಅದು ತೇವ ಹೀರುತ್ತದೆ. ಇನ್ನೊಂದು ಆಕ್ಟಿವೇಟೆಡ್ ಚಾರ್ಕೋಲ್, ಅದು ಗಂಧಕದ ಅನಿಲವನ್ನು ಹಿಡಿಯುತ್ತದೆ. ಎರಡರ ಕೆಲಸ ಬೇರೆಬೇರೆ, ಒಂದಿದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ. ಈ ಇದ್ದಿಲು ಮೀನಿನ ತೊಟ್ಟಿಯ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಒಲೆಯ ಇದ್ದಿಲಿಗೆ ಅಷ್ಟು ಹೀರುವ ಶಕ್ತಿಯಿಲ್ಲ, ಬೂದಿಯೂ ಉದುರುತ್ತದೆ. ಎರಡನ್ನೂ ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿ, ನಾಣ್ಯದ ಚೀಲಗಳಿಗೆ ತಾಗದಂತೆ ಮೂಲೆಯಲ್ಲಿರಿಸಿ. ಗಂಧಕ ಹೀರುವ ಆಂಟಿ-ಟಾರ್ನಿಷ್ ಪಟ್ಟಿಗಳೂ ಮಾರುಕಟ್ಟೆಯಲ್ಲಿವೆ. ಚಾರ್ಕೋಲ್ ಬದಲಿಗೆ ಅವನ್ನೂ ಬಳಸಬಹುದು.

ಬಣ್ಣ ಬದಲಿಸುವ ಸಿಲಿಕಾ ಜೆಲ್ ತಂದರೆ ನೋಡಿದ ಕೂಡಲೇ ಸ್ಥಿತಿ ತಿಳಿಯುತ್ತದೆ. ನೀಲಿ ಮಣಿಗಳು ತೇವ ಕುಡಿದಾಗ ಗುಲಾಬಿಯಾಗುತ್ತವೆ. ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ನೀಲಿ. ನೀಲಿ ಮಣಿಯಲ್ಲಿರುವ ಕೋಬಾಲ್ಟ್ ಲವಣ ವಿಷಕಾರಿ, ಮಕ್ಕಳ ಕೈಗೆ ಸಿಗದಿರಲಿ. ಆದಷ್ಟೂ ಕಿತ್ತಳೆ ಬಣ್ಣದ ಮಣಿಯನ್ನೇ ಕೇಳಿ ತನ್ನಿ. ಸಂದುಗಳಿರುವ ಮರದ ಪೆಟ್ಟಿಗೆಗೋ ಬೀರುವಿಗೋ ಜೆಲ್ ಹಾಕಿ ಪ್ರಯೋಜನವಿಲ್ಲ, ಕೋಣೆಯ ತೇವವನ್ನೆಲ್ಲ ಕುಡಿದು ಬೇಗ ಸುಸ್ತಾಗುತ್ತದೆ. ಡಬ್ಬಿಯೊಳಗಿನ ತೇವಾಂಶ ಶೇ. 40ರ ಒಳಗಿದ್ದರೆ ನಿಶ್ಚಿಂತೆ. ಅದನ್ನು ತೋರಿಸುವ ಬೆಂಕಿಪೊಟ್ಟಣದಷ್ಟು ಚಿಕ್ಕ ಡಿಜಿಟಲ್ ಮಾಪಕ ಹೆಚ್ಚು ಬೆಲೆಯದ್ದಲ್ಲ.

ಕರ್ಪೂರ ಮತ್ತು ಸೀಮೆಸುಣ್ಣದ ಬಗ್ಗೆ ಎಲ್ಲರೂ ಕೇಳುತ್ತಾರೆ. ಸೀಮೆಸುಣ್ಣ ಅಷ್ಟಿಷ್ಟು ತೇವ ಹೀರುತ್ತದೆ. ಬೇರೇನೂ ಸಿಗದಾಗ ಬಟ್ಟೆಯಲ್ಲಿ ಸುತ್ತಿ ಇಡಬಹುದು, ಆದರೆ ಗಂಧಕವನ್ನು ಹಿಡಿಯುವ ವಿಷಯದಲ್ಲಿ ಚಾರ್ಕೋಲ್‌ಗೆ ಸಾಟಿಯಲ್ಲ. ಕರ್ಪೂರ ಆವಿಯಾಗಿ, ತಣ್ಣಗಿರುವ ಮೇಲ್ಮೈ ಸಿಕ್ಕಲ್ಲಿ ಮತ್ತೆ ಹರಳುಗಟ್ಟುವ ವಸ್ತು. ದಿನಬಳಕೆಯ ಬೆಳ್ಳಿ ಲೋಟದ ಜೊತೆ ಇಟ್ಟರೆ ತೊಳೆದು ಬಳಸುತ್ತೀರಿ, ಸರಿ. ತೊಳೆಯದೆ ವರ್ಷಗಟ್ಟಲೆ ಇಡುವ ನಾಣ್ಯಕ್ಕೆ ನಾನು ಅದನ್ನು ಹೇಳುವುದಿಲ್ಲ.

ಪೂಜೆಗೆ ಬಂದ ನಾಣ್ಯ

ಪೂಜೆಗೆ ಬೇರೆ, ಜೋಪಾನಕ್ಕೆ ಬೇರೆ ಎಂದು ನಾಣ್ಯಗಳನ್ನು ಎರಡು ಪಾಲು ಮಾಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಕಳಶಕ್ಕೆ ಹಾಕಲು, ಅಭಿಷೇಕಕ್ಕೆ, ಕುಂಕುಮಾರ್ಚನೆಗೆ 999 ಬೆಳ್ಳಿಯ ಹೊಸ ನಾಣ್ಯಗಳಿರಲಿ. ಅವನ್ನು ತೊಳೆಯಬಹುದು, ಒರೆಸಬಹುದು, ಸವೆದರೆ ಬದಲಿಸಬಹುದು. ಹಿರಿಯರ ಕಾಲದ ರೂಪಾಯಿಗಳನ್ನು ಕ್ಯಾಪ್ಸೂಲ್ ಸಮೇತ ತಟ್ಟೆಯಲ್ಲಿಟ್ಟು ಹೂವೇರಿಸಿ. ದೇವರೆದುರು ಇಟ್ಟಂತೆಯೂ ಆಯಿತು, ನಾಣ್ಯ ಉಳಿದಂತೆಯೂ ಆಯಿತು.

ಅಭಿಷೇಕವಾದ ನಾಣ್ಯವನ್ನು ಮರುದಿನಕ್ಕೆ ಬಿಡಬೇಡಿ, ಅಂದು ಸಂಜೆಯೇ ತೊಳೆಯಿರಿ. ಹಾಲು ಮೊಸರಿನ ಪ್ರೋಟೀನಿನಲ್ಲಿ ಗಂಧಕವಿದೆ, ಜೇನು ಸಕ್ಕರೆ ತೇವ ಎಳೆಯುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಕೊನೆಗೊಮ್ಮೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ತೆಗೆಯಿರಿ. ನಲ್ಲಿ ನೀರಿನ ಕ್ಲೋರಿನ್, ಬೋರ್‌ವೆಲ್ ನೀರಿನ ಲವಣಗಳು ನಾಣ್ಯದ ಮೇಲೆ ಒಣಗಿ ಉಳಿಯಬಾರದು. ಆಮೇಲೆ ಹಳೆಯ ಪಂಚೆಯಂಥ ಮೃದು ಹತ್ತಿ ಬಟ್ಟೆಯ ನಡುವೆ ಇಟ್ಟು ಒತ್ತಿ. ಉಜ್ಜಬೇಡಿ. ಅಕ್ಷರಗಳ ಸಂದಿನ ನೀರು ಆರಲು ಫ್ಯಾನಿನ ಕೆಳಗೆ ಕೆಲವು ಗಂಟೆ ಬಿಟ್ಟು ನಂತರವೇ ಚೀಲಕ್ಕೆ ಹಾಕಿ.

ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಬೇಕು. ಮುಖದ ಮೇಲೆ ಬೆರಳೂರಿದರೆ ಬೆವರಿನ ಉಪ್ಪು ಮತ್ತು ಜಿಡ್ಡು ಅಂಟಿ, ಕೆಲವು ತಿಂಗಳಲ್ಲಿ ನಿಮ್ಮ ಬೆರಳಚ್ಚೇ ರಾಣಿಯ ಕೆನ್ನೆಯ ಮೇಲೆ ಕಪ್ಪಾಗಿ ಮೂಡುತ್ತದೆ. ಕೆಳಗೊಂದು ಮೆತ್ತನೆಯ ಬಟ್ಟೆ ಹಾಸಿಕೊಂಡೇ ಕೆಲಸ ಮಾಡಿ.

ಈಗಾಗಲೇ ಕಪ್ಪಾಗಿದ್ದರೆ

ಗಂಧಕದ ಪದರ ತೆಳುವಾಗಿದ್ದಾಗ ನಾಣ್ಯ ಹಳದಿಯಾಗಿ ಕಾಣುತ್ತದೆ. ದಪ್ಪವಾದಂತೆ ಕಂದು, ನೇರಳೆ ಮಿಶ್ರಿತ ನೀಲಿ, ಕಡೆಗೆ ಕಪ್ಪು. ಈ ಬಣ್ಣಗಳು ಸಮವಾಗಿ ಹರಡಿದ್ದರೆ ಅದನ್ನು ನಾಣ್ಯದ ಸಹಜ ಮೈಬಣ್ಣವೆಂದೇ ಸಂಗ್ರಾಹಕರು ಗೌರವಿಸುತ್ತಾರೆ. ಹಾಗೆ ಬಣ್ಣ ತಿರುಗಿದ ವಿಕ್ಟೋರಿಯಾ ರೂಪಾಯಿಗೆ ಸಿಗುವ ಬೆಲೆ, ಫಳಫಳ ಉಜ್ಜಿದ ಅಂಥದೇ ರೂಪಾಯಿಗೆ ಸಿಗುವುದಿಲ್ಲ. ಆದ್ದರಿಂದ ಹಳೆಯ ನಾಣ್ಯ ಕಪ್ಪಾಗಿದೆ ಎಂದ ಕೂಡಲೇ ಮಾಡಬೇಕಾದದ್ದು ಡಬ್ಬಿ ಬದಲಿಸುವ ಕೆಲಸ ಮಾತ್ರ.

ವಿಭೂತಿ, ಟೂತ್‌ಪೇಸ್ಟ್, ಪಾತ್ರೆ ತೊಳೆಯುವ ಪುಡಿ ಇವೆಲ್ಲವೂ ಕಪ್ಪನ್ನು ತೆಗೆಯುವುದು ಕೆರೆದು. ಬೆಳ್ಳಿ ಮೆದು ಲೋಹ. ಪ್ರತಿ ಸಲವೂ ಕಪ್ಪಿನ ಜೊತೆ ಒಂದಿಷ್ಟು ಬೆಳ್ಳಿಯೂ ಹೋಗುತ್ತದೆ. ರಾಣಿಯ ಕೂದಲಿನ ಎಳೆಗಳು, ಕಿರೀಟದ ಹರಳುಗಳು ಮೊದಲು ಮಾಯವಾಗುತ್ತವೆ. ಹುಣಸೆಹಣ್ಣು, ನಿಂಬೆರಸದ ಆಮ್ಲಕ್ಕೆ ನಾಣ್ಯದೊಳಗಿನ ತಾಮ್ರ ಕರಗುತ್ತದೆ. ಅದ್ದಿ ತೆಗೆದರೆ ಹೊಳೆಯುತ್ತದೆ ಎಂದು ಮಾರುವ ದ್ರಾವಣಗಳು ಕಪ್ಪು ಪದರವನ್ನು ಅದರಲ್ಲಿದ್ದ ಬೆಳ್ಳಿಯ ಸಮೇತ ಕರಗಿಸುತ್ತವೆ, ಪದೇಪದೇ ಅದ್ದಿದ ನಾಣ್ಯ ಕಳೆಯಿಲ್ಲದೆ ಬಿಳಿಚಿಕೊಳ್ಳುತ್ತದೆ.

ಪೂಜೆಯ ಹೊಸ ನಾಣ್ಯ, ದೀಪ, ಕುಂಕುಮ ಭರಣಿಗಳಿಗೆ ಅಲ್ಯುಮಿನಿಯಂ ಹಾಳೆಯ ವಿಧಾನ ಪರವಾಗಿಲ್ಲ. ಗಾಜಿನ ಬಟ್ಟಲಿಗೆ ಹಾಳೆ ಹಾಸಿ, ಮೇಲೆ ಬೆಳ್ಳಿ ಇಟ್ಟು, ಅಡುಗೆ ಸೋಡ ಕರಗಿಸಿದ ಬಿಸಿನೀರು ಸುರಿದರೆ ಗಂಧಕ ಬೆಳ್ಳಿಯನ್ನು ಬಿಟ್ಟುಕೊಡುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಸ್ವಲ್ಪ ನಾತ ಬರುತ್ತದೆ, ಕಿಟಕಿ ತೆರೆದಿಡಿ. ಹಾಗೆ ಮರಳಿದ ಬೆಳ್ಳಿ ಮೊದಲಿನ ನುಣುಪಿನಲ್ಲಿ ಕೂರುವುದಿಲ್ಲವಾದ್ದರಿಂದ ಹಳೆಯ ರೂಪಾಯಿಗಳಿಗೆ ಇದನ್ನೂ ಮಾಡಬಾರದು. ಪಿವಿಸಿಯ ಹಸಿರು ಲೋಳೆಗೆ ಮಾತ್ರ ಶುದ್ಧ ಅಸಿಟೋನ್‌ನಲ್ಲಿ ನೆನೆಸಿ ತೆಗೆಯುವುದುಂಟು. ಉಗುರುಬಣ್ಣ ಅಳಿಸುವ ದ್ರವದಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತವೆ, ಅದು ಆಗದು. ಅಸಿಟೋನ್ ಬೇಗ ಬೆಂಕಿ ಹಿಡಿಯುವ ದ್ರವ. ದೀಪ, ಒಲೆಗಳಿಂದ ದೂರ, ಗಾಳಿಯಾಡುವ ಕಡೆ ಮಾಡಿ.

ಒಂದು ಪರೀಕ್ಷೆ, ಒಂದು ಕಾವಲು

ಯಾವ ಬಟ್ಟೆ, ಯಾವ ಕಾಗದ ಸುರಕ್ಷಿತ ಎಂಬ ಅನುಮಾನ ಉಳಿದೇ ಇರುತ್ತದೆ. ಬ್ರಿಟಿಷ್ ಮ್ಯೂಸಿಯಂನ ಆ್ಯಂಡ್ರ್ಯೂ ಆಡಿ ಎಂಬವರು 1973ರಲ್ಲಿ ಇದಕ್ಕೊಂದು ಪರೀಕ್ಷೆ ರೂಪಿಸಿದರು. ಪ್ರದರ್ಶನದ ಪೆಟ್ಟಿಗೆಗೆ ಬಳಸಬೇಕಾದ ವಸ್ತುವಿನ ಚೂರನ್ನು ಬೆಳ್ಳಿ, ತಾಮ್ರ, ಸೀಸದ ತುಣುಕುಗಳ ಜೊತೆ ಗಾಜಿನಲ್ಲಿ ಮುಚ್ಚಿ, ಚೂರು ನೀರಿನ ತೇವದಲ್ಲಿ, 60 ಡಿಗ್ರಿ ಶಾಖದಲ್ಲಿ 28 ದಿನ ಇಟ್ಟು ಲೋಹದ ಬಣ್ಣ ನೋಡುವುದು. ಆಡಿ ಪರೀಕ್ಷೆ ಎಂದೇ ಹೆಸರಾಗಿರುವ ಇದು ಈಗಲೂ ವಸ್ತುಸಂಗ್ರಹಾಲಯಗಳಲ್ಲಿ ಬಳಕೆಯಲ್ಲಿದೆ. ಮನೆಯಲ್ಲಿ ಇದರ ಸರಳ ರೂಪ ಮಾಡಬಹುದು. ಮುರಿದ ಕಾಲುಂಗುರದ ತುಣುಕನ್ನು ಚೆನ್ನಾಗಿ ಬೆಳಗಿ, ನೀವು ಬಳಸಬೇಕೆಂದಿರುವ ಬಟ್ಟೆಯ ಜೊತೆ ಸಣ್ಣ ಗಾಜಿನ ಸೀಸೆಯಲ್ಲಿ ಮುಚ್ಚಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ತಿಂಗಳು ಬಿಡಿ. ಪಕ್ಕದಲ್ಲೇ ಬಟ್ಟೆಯಿಲ್ಲದ ಇನ್ನೊಂದು ಸೀಸೆಯಲ್ಲಿ ಅಂಥದೇ ತುಣುಕು ಇರಲಿ. ಬಟ್ಟೆಯ ಜೊತೆಗಿದ್ದದ್ದು ಹೆಚ್ಚು ಹಳದಿಯಾದರೆ ಆ ಬಟ್ಟೆಯನ್ನು ನಾಣ್ಯದ ಹತ್ತಿರ ತರಬೇಡಿ.

ಬೆಳಗಿದ ಅಂಥದೇ ತುಣುಕೊಂದನ್ನು ನಾಣ್ಯದ ಡಬ್ಬಿಯೊಳಗೆ, ಚೀಲಗಳ ಹೊರಗೆ, ಕಾವಲಿಗೆಂದು ಇಡಿ. ಡಬ್ಬಿ ಪಾರದರ್ಶಕವಾಗಿದ್ದರೆ ತೆರೆಯುವುದೂ ಬೇಕಿಲ್ಲ. ಆರು ತಿಂಗಳಿಗೊಮ್ಮೆ ಬೀರು ತೆಗೆದಾಗ ಕಣ್ಣು ಹಾಯಿಸಿ. ತುಣುಕು ಹೊಳೆಯುತ್ತಿದ್ದರೆ ಚೀಲದೊಳಗಿನ ನಾಣ್ಯಗಳಿಗೆ ಏನೂ ಆಗಿಲ್ಲ, ಮುಟ್ಟಬೇಡಿ. ಅದು ಹಳದಿಗೆ ತಿರುಗುತ್ತಿದ್ದರೆ ಚಾರ್ಕೋಲ್ ಬದಲಿಸಿ, ಜೆಲ್ ಕಾಯಿಸಿ, ಮುಚ್ಚಳದ ಬಿಗಿ ನೋಡಿ, ತುಣುಕನ್ನು ಮತ್ತೆ ಬೆಳಗಿ ಅಲ್ಲೇ ಇಡಿ.